ಕಯಾಕ್ ಹತ್ತಿಸುವವರು ಬೇರೆ, ಕಲಿಸುವವರು ಬೇರೆ

ದಾವಣಗೆರೆಯಲ್ಲಿ ಕೂತು ಕಯಾಕಿಂಗ್, ಅಂದರೆ ಒಬ್ಬಿಬ್ಬರು ಕೂರುವ ಕಿರಿದಾದ ದೋಣಿಯನ್ನು ಎರಡೂ ತುದಿಯಲ್ಲಿ ಅಲಗಿರುವ ಹುಟ್ಟಿನಿಂದ (ಪ್ಯಾಡಲ್) ನಡೆಸುವುದನ್ನು, ಕಲಿಯಲು ಎಲ್ಲಿಗೆ ಹೋಗಬೇಕು ಅಂತ ವಿಚಾರಿಸಲು ಶುರು ಮಾಡಿದರೆ ಮೊದಲು ಸಿಗುವುದು ಪ್ಯಾಕೇಜುಗಳು. ರೆಸಾರ್ಟಿನಲ್ಲಿ ಒಂದು ರಾತ್ರಿ, ಬೆಳಗ್ಗೆ ಜಿಪ್‌ಲೈನ್, ಮಧ್ಯಾಹ್ನ ರಾಫ್ಟಿಂಗ್, ಸಂಜೆ ಅರ್ಧ ಗಂಟೆ ಕಯಾಕ್, ರಾತ್ರಿ ಕ್ಯಾಂಪ್‌ಫೈರ್. ನನಗೆ ಬೇಕಾಗಿದ್ದು ಅದಲ್ಲ. ನಾಲ್ಕಾರು ದಿನ ಒಂದೇ ಕಡೆ ಇದ್ದು, ಬೆಳಗಿನಿಂದ ಸಂಜೆವರೆಗೂ ನೀರಿನಲ್ಲೇ ಕಳೆದು, ಪ್ಯಾಡಲ್ ಹಿಡಿಯುವುದರಿಂದ ಹಿಡಿದು ದೋಣಿ ಮಗುಚಿದರೆ ಏನು ಮಾಡಬೇಕು ಅನ್ನುವವರೆಗೆ ಬಲ್ಲವರೊಬ್ಬರು ತಿದ್ದಿ ತೀಡಿ ಕಲಿಸಬೇಕಿತ್ತು. ಅಂಥ ಜಾಗ ಹುಡುಕಿ, ಹೋಗಿ, ಕಲಿತು ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯವರು ಯಾರಾದರೂ, ಅದರಲ್ಲೂ ಹೆಣ್ಣುಮಕ್ಕಳು, ಇದೇ ದಾರಿ ಹಿಡಿದರೆ ಅವರ ಕೆಲಸಕ್ಕೆ ಬರಲಿ.

ನಾನು ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು. ಮಗಳು ಹೈಸ್ಕೂಲಿನಲ್ಲಿದ್ದಾಳೆ. ಕರಾವಳಿ ಪ್ರವಾಸಕ್ಕೆ ಹೋದಾಗ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನಮ್ಮನ್ನು ಕಯಾಕ್‌ನಲ್ಲಿ ಕರೆದುಕೊಂಡು ಹೋಗಿದ್ದರು. ಅದರಲ್ಲಿ ಕೂತರೆ ನೀರು ಕೈಗೆಟಕುವಷ್ಟು ಹತ್ತಿರ. ಬೇರುಗಳ ಸಂದಿಯಲ್ಲಿ ಏಡಿ ಓಡಾಡುವುದು ಕಣ್ಣೆದುರಿಗೇ ಕಾಣುತ್ತದೆ. ಮೋಟಾರಿನ ಸದ್ದಿಲ್ಲ, ಹೊಗೆಯಿಲ್ಲ. ನಮ್ಮ ಮುಂದಿದ್ದ ಹುಡುಗ ಒಂದೇ ಸಲ ಪ್ಯಾಡಲ್ ಅದ್ದಿ ದೋಣಿಯನ್ನು ಪಕ್ಕಕ್ಕೆ ಸರಿಸಿಕೊಂಡಿದ್ದು ನೋಡಿದಾಗ, ಇದು ತೋಳ್ಬಲದ ಆಟವಲ್ಲ, ವಿದ್ಯೆ ಅನ್ನುವುದು ಗೊತ್ತಾಯಿತು. ಆ ವಿದ್ಯೆ ನನಗೂ ಬೇಕು ಅನ್ನಿಸಿತು.

ಮೊದಲು ನಮ್ಮಲ್ಲೇ ಹುಡುಕಿದೆ. ನಮ್ಮ ಕಡೆ ನೀರಿಗೇನು ಬರವಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಕಣ್ಣು ಹಾಯಿಸಿದಷ್ಟೂ ಹರಡಿಕೊಂಡಿದೆ. ಶತಮಾನಗಳ ಹಿಂದೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಕೆರೆ ಅದು. ಸಿದ್ದನ ತೂಬು, ಬಸವನ ತೂಬು ಅಂತ ಜನ ಇವತ್ತಿಗೂ ತೋರಿಸುತ್ತಾರೆ. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬಿದ್ದದ್ದು 2022ರಲ್ಲಿ. ಹರಿಹರದಲ್ಲಿ ತುಂಗಭದ್ರೆ ಇದ್ದಾಳೆ, ಪಕ್ಕದಲ್ಲೇ ಕೊಂಡಜ್ಜಿ ಕೆರೆ ಇದೆ. ಆದರೆ ಹೊಸಬರನ್ನು ಕೂರಿಸಿಕೊಂಡು ದಿನಗಟ್ಟಲೆ ಕಯಾಕಿಂಗ್ ಕಲಿಸುವ ಶಿಬಿರ ಇವುಗಳಲ್ಲಿ ಎಲ್ಲೂ ನನಗೆ ಸಿಗಲಿಲ್ಲ. ಗಾಳಿ ತುಂಬುವ ಅಗ್ಗದ ದೋಣಿಯೊಂದನ್ನು ತರಿಸಿ ನಾಲೆಯಲ್ಲಿ ಅಭ್ಯಾಸ ಮಾಡಿದರಾಯಿತು ಅಂತ ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ದಯವಿಟ್ಟು ಯಾರೂ ಆ ಕೆಲಸಕ್ಕೆ ಕೈ ಹಾಕಬೇಡಿ. ನಾಲೆಯ ನೀರು ಮೇಲೆ ಸಮಾಧಾನವಾಗಿ ಕಂಡರೂ ಒಳಗೆ ಎಳೆತ ಜೋರು. ಕಾಂಕ್ರೀಟಿನ ಇಳಿಜಾರು ಪಾಚಿ ಕಟ್ಟಿರುತ್ತದೆ, ಹಿಡಿದು ಹತ್ತಲು ಏನೂ ಸಿಗುವುದಿಲ್ಲ, ಮುಂದೆ ತೂಬೋ ಗೇಟೋ ಕಾದಿರುತ್ತದೆ. ಈಜು ಬಲ್ಲವರೇ ನಮ್ಮ ನಾಲೆಗಳಲ್ಲಿ ಜೀವ ಕಳೆದುಕೊಂಡಿದ್ದಾರೆ.

ಮನೆಯಲ್ಲಿ ವಿಷಯ ಎತ್ತಿದಾಗ ಅತ್ತೆ ಬೇರೆ ಏನೂ ಅನ್ನಲಿಲ್ಲ. "ಬಿದ್ರೆ ಯಾರವ್ವ ಎತ್ತೋರು?" ಅಂದರು. ಆಮೇಲೆ ನಾನು ಫೋನಿನಲ್ಲಿ ಕೇಳಿದ ಪ್ರಶ್ನೆಗಳಲ್ಲೆಲ್ಲ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇರಲಿಲ್ಲ.

ಫೋನು ಮಾಡುವ ಮೊದಲು ಊರಿನ ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಸೇರಿಕೊಂಡೆ. ಕಯಾಕಿಂಗ್‌ಗೆ ದೊಡ್ಡ ಈಜುಗಾರರೇ ಆಗಬೇಕಿಲ್ಲ, ಮೈಮೇಲೆ ಲೈಫ್ ಜಾಕೆಟ್ ಇದ್ದೇ ಇರುತ್ತದೆ. ಆದರೆ ತಲೆ ನೀರೊಳಗೆ ಹೋದಾಗ ಗಾಬರಿಯಾಗಬಾರದು. ಅದನ್ನು ಕೊಳದಲ್ಲೇ ರೂಢಿ ಮಾಡಿಕೊಳ್ಳಬಹುದು. ನೀರೊಳಗೆ ಮೂಗಿನಿಂದ ನಿಧಾನವಾಗಿ ಉಸಿರು ಬಿಡುವುದು, ಕಣ್ಣು ತೆರೆಯುವುದು, ಅಂಚು ಹಿಡಿದು ತಲೆಕೆಳಗಾಗಿ ಮನಸ್ಸಿನಲ್ಲೇ ಹತ್ತು ಎಣಿಸುವುದು. ನಮ್ಮ ಕೋಚ್‌ಗೆ ಕಯಾಕ್ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೂ ಅವರು ಮಾಡಿಸಿದ ಈ ಅಭ್ಯಾಸ ಶಿಬಿರದ ಮೊದಲ ದಿನವೇ ನನ್ನ ಕೈ ಹಿಡಿಯಿತು.

ಇನ್ನು ಎಲ್ಲಿ ಕಲಿಯುವುದು ಅನ್ನುವ ಪ್ರಶ್ನೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಕಾಲೇಜಿನಲ್ಲಿರುವವರು, ಹುಡುಗ ಹುಡುಗಿಯರು ಮೊದಲು ವಿಚಾರಿಸಬೇಕಾದದ್ದು ಅಲ್ಲಿ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಅಲ್ಲಿನ ಕೋರ್ಸುಗಳು ಹೆಚ್ಚಾಗಿ ಜೀವರಕ್ಷಕರಿಗೆ, ಬೋಟು ನಡೆಸುವವರಿಗೆ, ಅಂದರೆ ಇದನ್ನೇ ಉದ್ಯೋಗ ಮಾಡಿಕೊಳ್ಳುವವರಿಗೆ. ಋಷಿಕೇಶದಲ್ಲಿ ಗಂಗೆಯ ಮೇಲೆ ಹಲವು ದಿನಗಳ ಕೋರ್ಸು ನಡೆಸುವ ಶಾಲೆಗಳಿವೆ. ಆದರೆ ಅದು ಹರಿಯುವ ನೀರಿನ ವಿದ್ಯೆ, ಮಳೆಗಾಲದಲ್ಲಿ ಬಾಗಿಲು ಮುಚ್ಚಿರುತ್ತವೆ, ಚಳಿಗಾಲದಲ್ಲಿ ನೀರು ಕೊರೆಯುತ್ತದೆ. ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಕೋಡಂಚೇರಿ, ತುಷಾರಗಿರಿ ಸುತ್ತ ಮಳೆಗಾಲದಲ್ಲಿ ಚಾಲಿಪುಳ, ಇರುವಂಜಿಪುಳ ನದಿಗಳು ತುಂಬಿ ಹರಿಯುವಾಗ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತದೆ. ಹೊರದೇಶದ ಕಯಾಕಿಗರೂ ಬರುತ್ತಾರೆ. ಅದು ನೋಡಿ ಬರಬೇಕಾದದ್ದು, ಹೊಸಬರು ಇಳಿಯುವಂಥದ್ದಲ್ಲ. ದಾಂಡೇಲಿಯ ಕಾಳಿ ನದಿಯೂ ಅಷ್ಟೆ; ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಂತೆ ಅಲ್ಲಿನ ರಭಸ ಹೆಚ್ಚು ಕಡಿಮೆ ಆಗುತ್ತದೆ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನಗೆ ಖಚಿತವಾದದ್ದು ಒಂದು. ನಮ್ಮಂಥವರು ಮೊದಲು ನಿಂತ ನೀರಿನಲ್ಲಿ ಕಲಿಯಬೇಕು, ಹರಿಯುವ ನೀರಿಗೆ ಆಮೇಲೆ ಹೋಗಬೇಕು. ನಿಂತ ನೀರು ಅಂದರೆ ನಮಗೆ ಹತ್ತಿರದ್ದು ಶರಾವತಿಯ ಹಿನ್ನೀರು. ಸಾಗರ ಪಟ್ಟಣದಾಚೆ ಹೊನ್ನೇಮರಡು ಜಲಸಾಹಸಕ್ಕೆ ಬಹಳ ವರ್ಷಗಳಿಂದ ಹೆಸರಾದ ಜಾಗ. ಆ ಹಿನ್ನೀರಿನ ಸುತ್ತಮುತ್ತ ಶಿಬಿರ ನಡೆಸುವ ಒಬ್ಬೊಬ್ಬರಿಗೂ ಫೋನು ಮಾಡುತ್ತಾ ಹೋದೆ.

ಕಲಿಸುವವರು ಯಾರು, ಬರೀ ಹತ್ತಿಸುವವರು ಯಾರು ಅನ್ನುವುದು ಫೋನಿನಲ್ಲೇ ಗೊತ್ತಾಗುತ್ತದೆ. "ಮೊದಲ ದಿನ ದೋಣಿ ಮಗುಚಿ ಹೊರಗೆ ಬರೋದನ್ನ ಹೇಳಿಕೊಡ್ತೀರಾ?" ಅಂತ ಕೇಳಿದರೆ ಸಾಕು. ಒಂದು ಕಡೆಯವರು, "ಯಾಕೆ ಮೇಡಂ ಮಗುಚ್ತೀರಾ? ನಮ್ಮ ಬೋಟು ಮಗುಚೋದೇ ಇಲ್ಲ" ಅಂದರು. ಅವರು ಸುಳ್ಳು ಹೇಳಲಿಲ್ಲ. ಮೇಲೆ ಕೂರುವ ಅಗಲವಾದ ಪ್ಲಾಸ್ಟಿಕ್ ಕಯಾಕ್ ಸುಲಭಕ್ಕೆ ಮಗುಚುವುದಿಲ್ಲ, ಮಗುಚಿದರೂ ಮನುಷ್ಯ ತಾನಾಗಿಯೇ ಪಕ್ಕಕ್ಕೆ ಬೀಳುತ್ತಾನೆ. ಅರ್ಧ ಗಂಟೆಯ ವಿಹಾರಕ್ಕೆ ಅದೇ ಸರಿ. ಆದರೆ ಕಾಲನ್ನು ಒಳಗೆ ಚಾಚಿ, ಒಳಗೆ ನೀರು ಬರದಂತೆ ದೋಣಿಯ ಬಾಯಿ ಮುಚ್ಚುವ ಸ್ಪ್ರೇ ಸ್ಕರ್ಟನ್ನು ಸೊಂಟಕ್ಕೆ ಬಿಗಿದು ಕೂರುವ ಕಯಾಕ್‌ನಲ್ಲಿ ಮಗುಚಿದರೆ ತಲೆ ಕೆಳಗೆ, ಕಾಲು ದೋಣಿಯೊಳಗೆ. ಅದರಿಂದ ಬಿಡಿಸಿಕೊಳ್ಳುವುದಕ್ಕೆ ವೆಟ್ ಎಕ್ಸಿಟ್ ಅನ್ನುತ್ತಾರೆ. ಆ ಹೆಸರನ್ನೇ ಕೇಳದವರ ಹತ್ತಿರ ಕೋರ್ಸಿಗೆ ದುಡ್ಡು ಕಟ್ಟುವುದು ಬೇಡ.

ಇನ್ನೊಂದು ಕಡೆ ಫೋನೆತ್ತಿದವರು ನನ್ನನ್ನೇ ಪ್ರಶ್ನೆ ಕೇಳತೊಡಗಿದರು. ಎತ್ತರ ಎಷ್ಟು, ತೂಕ ಎಷ್ಟು, ಚಪ್ಪಲಿ ಸೈಜು ಎಷ್ಟು, ಭುಜ ಯಾವತ್ತಾದರೂ ಜಾರಿದೆಯಾ, ಬೆನ್ನುನೋವು ಇದೆಯಾ, ಕನ್ನಡಕದ ಪವರ್ ಎಷ್ಟು, ಆಪರೇಷನ್ ಆಗಿದೆಯಾ, ಈಜುಕೊಳದಲ್ಲಿ ತಲೆ ಮುಳುಗಿಸಿದ್ದೀರಾ. ಭುಜದ ಪ್ರಶ್ನೆ ಕೇಳಿದಾಗಲೇ ನನಗೆ ಧೈರ್ಯ ಬಂತು. ಪ್ಯಾಡಲನ್ನು ತಲೆಗಿಂತ ಮೇಲೆ, ಹಿಂದಕ್ಕೆ ಚಾಚಿದ ಸ್ಥಿತಿಯಲ್ಲಿ ನೀರು ಎಳೆದರೆ ಭುಜದ ಕೀಲು ತಪ್ಪುವುದು ಈ ಕ್ರೀಡೆಯಲ್ಲಿ ಎಲ್ಲರೂ ಹೆದರುವ ಪೆಟ್ಟು. ಅಷ್ಟು ದೂರ ಯೋಚಿಸುವವರು ಕಲಿಸಬಲ್ಲರು.

ಆಮೇಲೆ ನನ್ನ ಸರದಿ. ಒಬ್ಬ ತರಬೇತುದಾರರಿಗೆ ಎಷ್ಟು ಜನ? ನಾಲ್ಕೈದು ಅಂದರು, ಹತ್ತು ಹದಿನೈದು ಅಂದಿದ್ದರೆ ನಾನು ಮುಂದುವರಿಯುತ್ತಿರಲಿಲ್ಲ. ತರಬೇತುದಾರರು ಎಲ್ಲಿ ಕಲಿತವರು? ಅಮೆರಿಕನ್ ಕನೂ ಅಸೋಸಿಯೇಷನ್ನಿನ ಹಂತ ಹಂತದ ಸರ್ಟಿಫಿಕೇಟ್ ನಮ್ಮ ದೇಶದ ಎಷ್ಟೋ ತರಬೇತುದಾರರ ಹತ್ತಿರ ಇರುತ್ತದೆ, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟೂ ಇರಬೇಕು. ಹತ್ತಿರದ ಆಸ್ಪತ್ರೆ ಯಾವುದು, ಗಾಡಿ ಸದಾ ಇರುತ್ತದಾ? ಹೆಂಗಸರಿಗೆ ಬಟ್ಟೆ ಬದಲಾಯಿಸಲು ಬಾಗಿಲಿರುವ ಕೋಣೆ, ಶೌಚಾಲಯ ಇದೆಯಾ? ಶಿಬಿರದ ನಡುವೆ ಮುಟ್ಟಾದರೆ ಒಂದು ದಿನ ದಡದಲ್ಲಿದ್ದು ಪಾಠ ಕೇಳಬಹುದಾ? ಈ ಕೊನೆಯ ಪ್ರಶ್ನೆ ಕೇಳಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಅತ್ತ ಕಡೆಯವರು ತಡವರಿಸದೆ ಉತ್ತರ ಕೊಟ್ಟರೆ ಅವರು ಹೆಂಗಸರಿಗೆ ಕಲಿಸಿದ್ದಾರೆ ಅಂತ ಅರ್ಥ. ಕೊನೆಗೆ ಅತ್ತೆಯ ಪ್ರಶ್ನೆಯನ್ನೂ ಕೇಳಿದೆ. "ನಾವು ಎತ್ತುತೀವಿ. ಆದರೆ ಎರಡನೇ ದಿನದ ಹೊತ್ತಿಗೆ ನೀವೇ ಇನ್ನೊಬ್ಬರನ್ನ ಎತ್ತೋ ಹಂಗೆ ಮಾಡ್ತೀವಿ" ಅಂದರು. ಅಲ್ಲಿಗೆ ತೀರ್ಮಾನವಾಯಿತು.

ರಜೆ, ಮಗಳ ಪರೀಕ್ಷೆ, ಯಜಮಾನರ ಡ್ಯೂಟಿ ಹೊಂದಿಸಿಕೊಂಡು ಚಳಿಗಾಲದಲ್ಲಿ ಹೊರಟೆ. ಹೊನ್ನಾಳಿ ಮೇಲೆ ಶಿವಮೊಗ್ಗಕ್ಕೆ ಬಸ್ಸು, ಅಲ್ಲಿಂದ ಸಾಗರ. ಸಾಗರದ ಆಚೆ ತಾಳಗುಪ್ಪದವರೆಗೆ ರೈಲೂ ಇದೆ. ಜೀನ್ಸ್, ಹತ್ತಿ ಚೂಡಿದಾರ್ ತರಬೇಡಿ ಅಂತ ಮೊದಲೇ ಹೇಳಿದ್ದರು. ಒದ್ದೆಯಾದರೆ ಭಾರ, ಗಾಳಿಗೆ ಮೈ ನಡುಗಿಸುತ್ತವೆ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟು, ತೋಳು ಮುಚ್ಚುವ ಟೀ ಶರ್ಟು, ಹಿಂದೆ ಪಟ್ಟಿ ಇರುವ ಸ್ಯಾಂಡಲ್, ಕನ್ನಡಕಕ್ಕೆ ಎಲಾಸ್ಟಿಕ್ ದಾರ. ದುಪಟ್ಟಾ, ತಾಳಿ ಸರ, ಬಳೆ ಯಾವುದೂ ನೀರಿನಲ್ಲಿ ಬೇಡ. ಸಿಕ್ಕಿಹಾಕಿಕೊಳ್ಳುವ ಯಾವ ವಸ್ತುವೂ ಮೈಮೇಲೆ ಇರಬಾರದು.

ಮೊದಲ ಬೆಳಗ್ಗೆ ನೀರಿಗೆ ಇಳಿಯುವ ಮುಂಚೆ ದಡದಲ್ಲೇ ಬಹಳ ಹೊತ್ತು ಕಳೆಯಿತು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿದರು. ಕಿವಿಯವರೆಗೆ ಬಂದರೆ ಅದು ಸಡಿಲ, ನೀರಿನಲ್ಲಿ ಮುಖವನ್ನೇ ಮುಚ್ಚುತ್ತದೆ. ದೋಣಿಯೊಳಗೆ ಕೂರಿಸಿ, ಪಾದ ಒತ್ತುವ ಪೆಗ್ಗುಗಳನ್ನು ನನ್ನ ಕಾಲಳತೆಗೆ ಸರಿಸಿ, ಮಂಡಿ ಎರಡೂ ಕಡೆ ಒಳಮೈಗೆ ತಾಗುವಂತೆ ಮಾಡಿದರು. ಸ್ಪ್ರೇ ಸ್ಕರ್ಟ್ ಸಿಕ್ಕಿಸುವುದನ್ನು, ಅದನ್ನು ಎಳೆದು ಬಿಚ್ಚುವ ಮುಂದಿನ ಹಿಡಿಕೆಯ ಕುಣಿಕೆ ಹೊರಗೇ ಇದೆಯಾ ಅಂತ ಪ್ರತಿ ಸಲ ಮುಟ್ಟಿ ನೋಡುವುದನ್ನು ಹೇಳಿಕೊಟ್ಟರು. ಆ ಕುಣಿಕೆ ಒಳಗೆ ಸೇರಿದ್ದರೆ ತಲೆಕೆಳಗಾದಾಗ ಕೈಗೆ ಸಿಗುವುದಿಲ್ಲ.

ಆಮೇಲೆ ಎದೆಮಟ್ಟದ ನೀರಿನಲ್ಲಿ ತರಬೇತುದಾರ ನನ್ನ ಪಕ್ಕ ನಿಂತ. ಸಾಗರದ ಕಡೆಯ ಹುಡುಗ, ಮಾತು ಮೆತ್ತಗೆ. "ಅಕ್ಕ, ಮುಂದಕ್ಕೆ ಬಗ್ಗಿ. ಮಗುಚಿದ ಮೇಲೆ ದೋಣಿಯ ತಳಕ್ಕೆ ಮೂರು ಸಲ ಬಡೀರಿ. ಆಮೇಲೆ ಅಂಚು ಹಿಡ್ಕೊಂಡು ಕೈ ಮುಂದೆ ತಗೊಂಡು ಹೋಗಿ, ಕುಣಿಕೆ ಮುಂದಕ್ಕೆ ಎಳೀರಿ. ಎರಡೂ ಕೈ ಸೊಂಟದ ಪಕ್ಕ ಇಟ್ಟು, ಪ್ಯಾಂಟು ಕಳಚಿದ ಹಾಗೆ ದೋಣಿನ ಕಳಚಿ. ಅವಸರ ಬ್ಯಾಡ ಮಾರಾಯ್ರೆ, ನಾನಿಲ್ಲೇ ಇದೀನಿ." ಮಗುಚಿದೆ. ಮೂಗಿಗೆ ನೀರು ನುಗ್ಗಿತು, ಕಣ್ಣಿಗೆ ಹಸಿರು ಬಿಟ್ಟು ಬೇರೇನೂ ಕಾಣಲಿಲ್ಲ. ನಾನೇ ಬಡಿದ ಮೂರು ಪೆಟ್ಟು ನೀರೊಳಗೆ ಡೊಳ್ಳಿನಷ್ಟು ದೊಡ್ಡದಾಗಿ ಕೇಳಿಸಿತು. ಆ ಬಡಿತ ಇರುವುದು ಮೇಲಿದ್ದವರಿಗೆ ಸೂಚನೆ ಕೊಡಲು ಮಾತ್ರವಲ್ಲ, ಗಾಬರಿಯನ್ನು ಒಂದು ಕ್ಷಣ ತಡೆದು ಮುಂದಿನ ಕೆಲಸಕ್ಕೆ ಮನಸ್ಸನ್ನು ತಿರುಗಿಸಲು ಅಂತ ಆಗ ತಿಳಿಯಿತು. ಕುಣಿಕೆ ಸಿಕ್ಕಿತು, ಸ್ಕರ್ಟ್ ಬಿಚ್ಚಿಕೊಂಡಿತು, ಹೊರಗೆ ಬಂದೆ. ಅಲ್ಲಿಂದ ಮುಂದೆ ನನ್ನ ತೋಳುಗಳಲ್ಲಿದ್ದ ಬಿಗಿತ ಹೋಯಿತು. ಮಗುಚಿದರೆ ಏನು ಗತಿ ಅನ್ನುವ ಭಯ ತಲೆಯಲ್ಲಿ ಇರುವವರೆಗೆ ಯಾವ ಪಾಠವೂ ಒಳಗೆ ಇಳಿಯುವುದಿಲ್ಲ. ಮಗುಚುವುದನ್ನು ಮೊದಲ ದಿನವೇ ಕಲಿಸಬೇಕು ಅಂತ ನಾನು ಒತ್ತಿ ಹೇಳುವುದು ಅದಕ್ಕೆ.

ಮುಂದಕ್ಕೆ ಹೋಗುವ ಹೊಡೆತ ನೋಡಲು ಸುಲಭ, ಕಲಿಯಲು ಬಹಳ ಸಮಯ ಬೇಕು. ಹೊಸಬರೆಲ್ಲ ತೋಳಿನಿಂದ ಎಳೆಯುತ್ತಾರೆ, ಅರ್ಧ ಗಂಟೆಗೆ ಸುಸ್ತು. ಎಳೆಯಬೇಕಾದದ್ದು ಸೊಂಟದ ಮೇಲಿನ ಇಡೀ ಮೈ ತಿರುಗಿಸಿ. ಪ್ಯಾಡಲಿನ ಅಲಗು ಪಾದದ ಹತ್ತಿರ ನೀರಿಗಿಳಿಯಬೇಕು, ಸೊಂಟದ ಹತ್ತಿರ ಬರುತ್ತಿದ್ದಂತೆ ಹೊರಗೆ ಬರಬೇಕು, ಅದೇ ಕಡೆಯ ಪಾದ ಪೆಗ್ಗನ್ನು ಒತ್ತಬೇಕು. ನಮ್ಮಿಂದ ಮೊಣಕೈ ಮಡಚದೆ ಪ್ಯಾಡಲ್ ಹಾಕಿಸಿದರು; ತೋಳು ಮಡಚಲಾಗದಿದ್ದರೆ ಮೈ ತಾನೇ ತಿರುಗುತ್ತದೆ. "ಜಾಕೆಟ್ ಜಿಪ್ ನೋಡ್ಕಳಿ, ಅದು ಎಡಕ್ಕೂ ಬಲಕ್ಕೂ ತಿರುಗ್ತಾ ಇರಬೇಕು" ಅನ್ನುತ್ತಿದ್ದ. ಹಿಡಿತ ಬಿಗಿಯಾದರೆ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಏಳುತ್ತದೆ. ದೋಣಿ ತಿರುಗಿಸಲು ಅರ್ಧಚಂದ್ರಾಕಾರವಾಗಿ ದೂರ ಬಳಸುವ ಸ್ವೀಪ್, ಪಕ್ಕಕ್ಕೆ ಸರಿಯಲು ಡ್ರಾ, ಬೀಳುವ ಹಾಗಾದರೆ ಅಲಗನ್ನು ನೀರಿನ ಮೇಲೆ ಚಪ್ಪಟೆ ಒತ್ತಿ ತಡೆಯುವ ಬ್ರೇಸ್. ಸಾಲಿಗ್ರಾಮದಲ್ಲಿ ಆ ಹುಡುಗ ಮಾಡಿದ್ದು ಡ್ರಾ.

ಮರುದಿನ ಒಬ್ಬರನ್ನೊಬ್ಬರು ಎತ್ತುವ ಪಾಠ. ಮಗುಚಿದ ದೋಣಿಯ ಮೂತಿಗೆ ನಮ್ಮ ದೋಣಿಯನ್ನು ಅಡ್ಡ ನಿಲ್ಲಿಸಬೇಕು, ಮೂತಿಯನ್ನು ನಮ್ಮ ಮಡಿಲ ಮುಂದಕ್ಕೆ ಎಳೆದುಕೊಂಡು ನೀರು ಸುರಿಸಬೇಕು, ಮೇಲ್ಮುಖ ಮಾಡಿ ಪಕ್ಕಕ್ಕೆ ತಂದು ಎರಡೂ ಕೈಯಿಂದ ಅವುಚಿ ಹಿಡಿಯಬೇಕು. ಬಿದ್ದವರು ಕಾಲು ಬಡಿದು ಹೊಟ್ಟೆಯ ಮೇಲೆ ಹಿಂಬದಿಗೆ ಹತ್ತಿ, ಕಾಲು ಒಳಗೆ ಹಾಕಿ, ನಿಧಾನಕ್ಕೆ ತಿರುಗಿ ಕೂರಬೇಕು. ತೋಳಿನ ಶಕ್ತಿ ಕಡಿಮೆ ಇರುವವರಿಗೆ ಬೆಲ್ಟಿನ ಕುಣಿಕೆ ಇಳಿಬಿಟ್ಟು ಪಾದ ಇಡಲು ಕೊಡುತ್ತಾರೆ. ನನಗಿಂತ ದಪ್ಪನೆಯ, ನನಗಿಂತ ಹಿರಿಯರಾದ ಹಾಸನದ ಟೀಚರೊಬ್ಬರನ್ನು ನಾನು ಆ ಕುಣಿಕೆಯಿಂದ ಹತ್ತಿಸಿಕೊಂಡೆ. ಅವರು ನನ್ನ ಕೈ ಹಿಡಿದು ಸುಮ್ಮನೆ ನಕ್ಕರು. ನನಗೆ ಇಡೀ ಶಿಬಿರದಲ್ಲಿ ಅತಿ ಸಂತೋಷವಾದ ಗಳಿಗೆ ಅದೇ.

ಮಧ್ಯಾಹ್ನದ ಮೇಲೆ ಹಿನ್ನೀರಿನಲ್ಲಿ ಗಾಳಿ ಏಳುತ್ತದೆ. ಗಾಳಿ ಅಡ್ಡ ಬೀಸಿದಾಗ ಮುಂದಕ್ಕೆ ಸಾಗುತ್ತಿರುವ ಕಯಾಕ್‌ನ ಮೂತಿ ಗಾಳಿಯ ಕಡೆಗೇ ತಿರುಗುತ್ತದೆ. ಮುಂಭಾಗವನ್ನು ನೀರಿನ ಒತ್ತಡ ಹಿಡಿದಿರುತ್ತದೆ, ಹಿಂಭಾಗ ಸಡಿಲವಾಗಿ ಜಾರುತ್ತದೆ, ಅದಕ್ಕೆ ಹೀಗೆ. ಗಾಳಿ ಬರುವ ಕಡೆ ಸ್ವೀಪ್ ಹಾಕಿ, ಅದೇ ಕಡೆಗೆ ದೋಣಿಯನ್ನು ಸ್ವಲ್ಪ ವಾಲಿಸಿ ಸರಿಪಡಿಸಬೇಕು. ಇದು ಅರ್ಧ ಗಂಟೆಯ ವಿಹಾರದಲ್ಲಿ ಎಂದೂ ಗೊತ್ತಾಗುವಂಥದ್ದಲ್ಲ. ದಿನಗಟ್ಟಲೆ ಒಂದೇ ನೀರಿನಲ್ಲಿದ್ದು, ಬೆಳಗಿನ ಮೌನವನ್ನೂ ಸಂಜೆಯ ಅಲೆಯನ್ನೂ ನೋಡಿದರೆ ಮಾತ್ರ ಮೈಗೆ ಹತ್ತುತ್ತದೆ.

ಕೊನೆಯ ದಿನ ಊಟ ಕಟ್ಟಿಕೊಂಡು ದ್ವೀಪವೊಂದಕ್ಕೆ ಹೋಗಿ ಬಂದೆವು. ದಾರಿಯುದ್ದಕ್ಕೂ ಒಣಗಿದ ಮರದ ಬೊಡ್ಡೆಗಳು ನೀರಿನಿಂದ ಎದ್ದಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಮುಳುಗಿದ ಕಾಡು ಅದು. ಅದರ ಜೊತೆಗೆ ಊರುಗಳು, ಗದ್ದೆ, ತೋಟಗಳೂ ಮುಳುಗಿದವು. ಬೊಡ್ಡೆ ಕಂಡರೆ ದೂರವಿರಿ, ಕಾಣುವುದಕ್ಕಿಂತ ಕಾಣದ್ದೇ ಹೆಚ್ಚು ಅಂತ ತರಬೇತುದಾರ ಹೇಳುತ್ತಿದ್ದ. ನಾವು ಯಾರ ಗದ್ದೆಯ ಮೇಲೆ ಪ್ಯಾಡಲ್ ಹಾಕುತ್ತಿದ್ದೇವೆ ಅನ್ನುವುದನ್ನೂ ಅವನು ಹೇಳಿದ, ಅವನ ಅಜ್ಜನ ಮನೆಯವರೂ ಅಲ್ಲಿಂದ ಎದ್ದು ಬಂದವರೇ. ಅಲ್ಲಿಗೆ ಹೋಗುವವರು ಇದನ್ನು ತಿಳಿದು ಹೋಗಬೇಕು.

ಇಂಥ ಮೊದಲ ಕೋರ್ಸಿನಲ್ಲಿ ಎಲ್ಲವೂ ಬರುವುದಿಲ್ಲ. ಮಗುಚಿದ ದೋಣಿಯಲ್ಲೇ ಕೂತು ಸೊಂಟವನ್ನು ಒಮ್ಮೆ ಝಾಡಿಸಿ ಮೇಲೇಳುವ ರೋಲ್ ನನಗಿನ್ನೂ ಬಂದಿಲ್ಲ, ಅದಕ್ಕೆ ಈಜುಕೊಳದಲ್ಲಿ ಬೇರೆಯೇ ಅಭ್ಯಾಸ ಬೇಕು. ಹರಿಯುವ ನೀರು ಇನ್ನೊಂದು ಮೆಟ್ಟಿಲು. ನದಿಯ ರಭಸವನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ, ಹೊಸಬರಿಗೆ 1 ಮತ್ತು 2 ಸಾಕು. ಅಲ್ಲಿ ಬಿದ್ದರೆ ಅಂಗಾತ ತೇಲುತ್ತಾ ಪಾದ ಮುಂದೆ ಮಾಡಿಕೊಂಡು ಹೋಗಬೇಕು, ಎಷ್ಟೇ ಆಳ ಕಡಿಮೆ ಇದ್ದರೂ ಎದ್ದು ನಿಲ್ಲಬಾರದು. ಕಲ್ಲಿನ ಸಂದಿಗೆ ಪಾದ ಸಿಕ್ಕಿಬಿದ್ದರೆ ನೀರು ಮೈಯನ್ನು ಮುಳುಗಿಸುತ್ತದೆ.

ಊರಿಗೆ ಬಂದ ಮೇಲೆ ಈಜುಕೊಳದ ಗೆಳತಿಯರ ಜೊತೆ ಸೇರಿ ಒಂದು ಅರ್ಜಿ ಬರೆದಿದ್ದೇವೆ. ಮಳೆಗಾಲ ಮುಗಿದ ಮೇಲೆ ಸೂಳೆಕೆರೆಯಲ್ಲೋ ಕೊಂಡಜ್ಜಿಯಲ್ಲೋ ಹೊಸಬರಿಗಾಗಿ ಒಂದು ವಾರದ ಕಯಾಕಿಂಗ್ ಶಿಬಿರ ನಡೆಸಿ ಅಂತ ಜಿಲ್ಲೆಯ ಕ್ರೀಡಾ ಇಲಾಖೆಗೆ. ಸರ್ಟಿಫಿಕೇಟ್ ಇರುವ ತರಬೇತುದಾರರು, ಅಳತೆಗೆ ಹೊಂದುವ ಜಾಕೆಟ್ಟು, ಒಂದು ರಕ್ಷಣಾ ದೋಣಿ, ಹೆಂಗಸರಿಗೆ ಕೋಣೆ, ಇಷ್ಟೇ ಕೇಳಿದ್ದೇವೆ. ಸೂಳೆಕೆರೆಯ ನೀರನ್ನು ಚಿತ್ರದುರ್ಗದವರೂ ಕುಡಿಯುತ್ತಾರೆ, ಹಾಗಾಗಿ ಕೆರೆಗೆ ಡೀಸೆಲ್ಲು, ಎಣ್ಣೆ ಬಿಡುವ ಯಾವುದೂ ಬೇಡ ಅಂತಲೂ ಬರೆದಿದ್ದೇವೆ. ಕಯಾಕ್‌ಗೆ ಬೇಕಾದದ್ದು ಒಂದು ಪ್ಯಾಡಲ್, ಅದನ್ನು ಹಿಡಿಯಲು ಹೇಳಿಕೊಡುವ ಒಬ್ಬರು. ಅರ್ಜಿಯ ಪ್ರತಿ ನನ್ನ ಹತ್ತಿರ ಇದೆ. ಚನ್ನಗಿರಿ, ಹೊಳಲ್ಕೆರೆ, ಹಿರಿಯೂರಿನವರೂ ತಮ್ಮ ತಮ್ಮ ಕೆರೆಗೆ ಇದನ್ನೇ ಬರೆದುಕೊಡಬಹುದು.